ಸಾಗಾರಧರ್ಮವೂ ಬದಲಾಗುತ್ತಿರುವ ಮನೆಯೂ

ಜೈನ ಆಚಾರ್ಯರು ಮುನಿಯನ್ನು ‘ಅನಗಾರ’ನೆಂದೂ ಗೃಹಸ್ಥನನ್ನು ‘ಸಾಗಾರ’ನೆಂದೂ ಕರೆದಿದ್ದಾರೆ. ಅಗಾರವೆಂದರೆ ಮನೆ. ಮನೆಯನ್ನು ತೊರೆದವನು ಅನಗಾರ, ಮನೆಯೊಡನಿರುವವನು ಸಾಗಾರ. ಹದಿಮೂರನೆಯ ಶತಮಾನದಲ್ಲಿ ಪಂಡಿತ ಆಶಾಧರರು ತಮ್ಮ ಧರ್ಮಾಮೃತವನ್ನು ಇದೇ ಹೆಸರುಗಳ ಎರಡು ಭಾಗಗಳಾಗಿ ರಚಿಸಿದರು. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ವ್ರತಗಳು ಇಬ್ಬರಿಗೂ ಉಂಟು. ಒಬ್ಬನಿಗೆ ಅವು ಮಹಾವ್ರತಗಳು, ಇನ್ನೊಬ್ಬನಿಗೆ ಅಣುವ್ರತಗಳು. ಹಾಗಾದರೆ ಇವರಿಬ್ಬರ ನಡುವೆ ಗೆರೆ ಎಳೆಯುವ ಆ ಮನೆಯ ಸ್ವರೂಪವೇನು? ಅದು ಕೇವಲ ಮೋಹದ ಬಲೆಯೆ? ದುರ್ಬಲರಿಗೆ ಕೊಟ್ಟ ರಿಯಾಯಿತಿಯೆ? ಅಥವಾ ತನ್ನದೇ ಆದ ಧರ್ಮವುಳ್ಳ ಒಂದು ಕ್ಷೇತ್ರವೆ?

ಈ ಪ್ರಶ್ನೆ ಶಾಸ್ತ್ರಸಭೆಯದು ಮಾತ್ರವಾಗಿ ಉಳಿದಿಲ್ಲ. ಬಸದಿಯ ಅಂಗಳದಲ್ಲಿ, ಮದುವೆಯ ಚಪ್ಪರದಲ್ಲಿ, ಪಂಚಕಲ್ಯಾಣದ ಪ್ರವಚನದಲ್ಲಿ ಇಂದು ಕೇಳಿಬರುವ ಮಾತು ಒಂದೇ: ಕುಟುಂಬ ಒಡೆಯುತ್ತಿದೆ. ಅವಿಭಕ್ತ ಕುಟುಂಬ ಹೋಯಿತು, ಅದರ ಹಿಂದೆಯೇ ಧರ್ಮವೂ ಹೊರಟಿತು ಎಂಬ ತರ್ಕ ಅದರ ಬೆನ್ನಿಗೇ ಬರುತ್ತದೆ. ನಿಜವಾಗಿ ಒಡೆಯುತ್ತಿರುವುದು ಯಾವುದು ಎಂದು ವಿಚಾರಿಸದೆ ಈ ಶೋಕದಲ್ಲಿ ಪಾಲ್ಗೊಳ್ಳುವುದು ವಿವೇಕಿಗಳಿಗೆ ಶೋಭಿಸದು.

ಕುಟುಂಬವು ಅನಾದಿಯಾದುದು, ಅದರ ರೂಪ ಸನಾತನವಾದುದು ಎಂಬ ಭಾವನೆಗೆ ಜೈನಪುರಾಣಗಳಲ್ಲಿಯೇ ಆಧಾರವಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣವು ಭೋಗಭೂಮಿಯ ವರ್ಣನೆಯನ್ನು ವಿಸ್ತಾರವಾಗಿ ಕೊಡುತ್ತದೆ. ಅಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ನೀಡುತ್ತಿದ್ದವು. ಶಿಶುಗಳು ಹೆಣ್ಣು ಗಂಡುಗಳ ಜೋಡಿಯಾಗಿ ಹುಟ್ಟುತ್ತಿದ್ದವು. ಜೋಡಿ ಹುಟ್ಟಿದೊಡನೆಯೇ ತಂದೆತಾಯಿಗಳ ಆಯುಷ್ಯ ಮುಗಿಯುತ್ತಿತ್ತು. ಹೆತ್ತವರು ಮಕ್ಕಳ ಮುಖ ನೋಡುತ್ತಿರಲಿಲ್ಲ, ಮಕ್ಕಳು ಹೆತ್ತವರನ್ನು ಅರಿಯುತ್ತಿರಲಿಲ್ಲ. ಸುಖಕ್ಕೆ ಕೊರತೆಯಿರಲಿಲ್ಲ, ಆದರೆ ಅಲ್ಲಿ ಕುಟುಂಬವೆಂಬುದಿರಲಿಲ್ಲ. ಕಾಲ ಇಳಿಮುಖವಾದಂತೆ, ಕುಲಕರರ ಯುಗದಲ್ಲಿ, ಹೆತ್ತವರು ಕ್ಷಣಕಾಲ ಬದುಕಿ ತಮ್ಮ ಮಕ್ಕಳ ಮುಖವನ್ನು ಕಾಣತೊಡಗಿದರು. ಕಂಡು ಸಂತೋಷಪಟ್ಟರೆ? ಇಲ್ಲ, ಭಯಪಟ್ಟರು ಎನ್ನುತ್ತದೆ ಪುರಾಣ. ಇದೇನು ಎಂದು ಕುಲಕರನ ಬಳಿಗೆ ಓಡಿದರು. ಇವರು ನಿಮ್ಮ ಮಕ್ಕಳು, ಅಂಜಬೇಡಿರಿ ಎಂದು ಆತ ತಿಳಿಸಿಹೇಳಬೇಕಾಯಿತು. ಮುಂದೆ ಅಭಿಚಂದ್ರನೆಂಬ ಕುಲಕರನ ಕಾಲಕ್ಕೆ ಹೆತ್ತವರು ಕೂಸುಗಳಿಗೆ ಚಂದ್ರನನ್ನು ತೋರಿಸಿ ಆಡಿಸುವಷ್ಟು ಕಾಲ ಬದುಕಿದರು. ಕೊನೆಯ ಕುಲಕರನಾದ ನಾಭಿರಾಜನು ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಕಲಿಸಿದನು. ಆತನ ಮಗನೇ ಆದಿತೀರ್ಥಂಕರ ವೃಷಭದೇವ. ಅಸಿ, ಮಸಿ, ಕೃಷಿ ಮುಂತಾದ ಷಟ್ಕರ್ಮಗಳನ್ನು ಲೋಕಕ್ಕೆ ಬೋಧಿಸಿದವನು, ಮಗಳು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಗಣಿತವನ್ನೂ ಕಲಿಸಿದವನು. ಪಂಪನು ಕ್ರಿ.ಶ. 941ರ ವೇಳೆಗೆ ಇದೇ ಕಥೆಯನ್ನು ಕನ್ನಡಕ್ಕೆ ತಂದನು.

ಈ ವೃತ್ತಾಂತವನ್ನು ಇತಿಹಾಸವೆಂದು ನಂಬುವವರೂ ರೂಪಕವೆಂದು ಗ್ರಹಿಸುವವರೂ ಅದರಿಂದ ಪಡೆಯಬೇಕಾದ ಅರ್ಥ ಒಂದೇ. ಕುಟುಂಬಕ್ಕೆ ಒಂದು ಆರಂಭವಿದೆ. ಕಲ್ಪವೃಕ್ಷಗಳು ಒಣಗಿ ದುಡಿಮೆ ಅನಿವಾರ್ಯವಾದ ಕರ್ಮಭೂಮಿಯಲ್ಲಿ, ಒಬ್ಬರ ಹಸಿವನ್ನು ಇನ್ನೊಬ್ಬರು ನೋಡಬೇಕಾಗಿ ಬಂದಾಗ ಅದು ಹುಟ್ಟಿತು. ಅದನ್ನು ಯಾರೋ ಕಲಿಸಬೇಕಾಯಿತು, ತಾನಾಗಿ ಬಂದುದಲ್ಲ. ಹುಟ್ಟಿದ್ದು, ಕಲಿತದ್ದು ಬದಲಾಗುವುದರಲ್ಲಿ ಆಶ್ಚರ್ಯವೇನಿದೆ? ದ್ರವ್ಯವು ನಿತ್ಯ, ಪರ್ಯಾಯವು ಅನಿತ್ಯ ಎಂದು ಪ್ರತಿಪಾದಿಸುವ ದರ್ಶನದ ಅನುಯಾಯಿಗಳು ಒಂದು ಪರ್ಯಾಯವನ್ನು ಹಿಡಿದು ಇದೇ ದ್ರವ್ಯವೆಂದು ವಾದಿಸುವುದು ವಿಚಿತ್ರವೇ ಸರಿ.

ದೂರದ ಪುರಾಣಕ್ಕೆ ಹೋಗದೆಯೂ ಈ ಮಾತನ್ನು ಮನಗಾಣಬಹುದು. ಒಂದೇ ಧರ್ಮದ, ಒಂದೇ ಆಮ್ನಾಯದ ಕರ್ನಾಟಕದ ಜೈನರಲ್ಲಿ ಕುಟುಂಬದ ರೂಪ ಎಂದೂ ಒಂದೇ ಆಗಿರಲಿಲ್ಲ. ಬೆಳಗಾವಿ ಧಾರವಾಡಗಳ ಕಡೆಯ ಜೈನ ರೈತನ ಮನೆಯಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಘಟ್ಟದ ಕೆಳಗೆ, ತುಳುನಾಡಿನಲ್ಲಿ, ಬಸದಿಯ ಪುರೋಹಿತರಾದ ಇಂದ್ರರನ್ನು ಬಿಟ್ಟರೆ ಉಳಿದ ಜೈನರು ಅಳಿಯಸಂತಾನ ಕಟ್ಟಿನವರು. ಅಲ್ಲಿ ಮನೆತನ ಸಾಗುವುದು ಹೆಣ್ಣಿನಿಂದ. ಸೋದರಮಾವನ ವಾರಸುದಾರನು ಸೋದರಳಿಯ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಚೌಟ ವಂಶದವಳು; ಆ ವಂಶದ ಉತ್ತರಾಧಿಕಾರವೂ ಇದೇ ಕಟ್ಟಿನದು. ಒಬ್ಬ ಮೂಲತಾಯಿಯ ಸಂತತಿಯೇ ‘ಕುಟುಂಬ’. ಅದರೊಳಗಿನ ಒಬ್ಬೊಬ್ಬ ಹೆಣ್ಣಿನ ಕವಲು ‘ಕವರು’. ಹಿರಿಯನು ಯಜಮಾನ, ಹಿರಿಯಳಾದ ಹೆಣ್ಣೂ ಯಜಮಾನಿಕೆ ವಹಿಸಬಹುದಿತ್ತು. ಘಟ್ಟದ ಮೇಲಿನವನ ಕಣ್ಣಿಗೆ ಇದು ವಿಪರೀತ. ಕೆಳಗಿನವನ ಕಣ್ಣಿಗೆ ಮೇಲಿನದು ವಿಪರೀತ. ಆದರೆ ಇಬ್ಬರೂ ಅಭಿಷೇಕ ಮಾಡಿದ್ದು ಅದೇ ಗೊಮ್ಮಟನಿಗೆ.

ಈ ಕಟ್ಟನ್ನು ಈಗ ಕೆಲವರು ಸ್ತ್ರೀಸ್ವಾತಂತ್ರ್ಯದ ಸ್ವರ್ಗವೆಂದು ಹೊಗಳುವುದುಂಟು. ಅದು ಅಷ್ಟು ಸರಳವಲ್ಲ. ಹೆಣ್ಣಿಗೆ ಹುಟ್ಟಿದ ಮನೆಯಲ್ಲಿ ಎಂದೂ ತಪ್ಪದ ಸ್ಥಾನವಿತ್ತು ಎಂಬುದು ನಿಜ; ಗಂಡನನ್ನು ಕಳೆದುಕೊಂಡವಳು ಅಥವಾ ಗಂಡನೊಡನೆ ಬಾಳಲಾರದವಳು ಮಕ್ಕಳೊಡನೆ ಮರಳಿದರೆ ಅದು ಯಾರ ದಯೆಯೂ ಅಲ್ಲ, ಅವಳ ಹಕ್ಕು. ಆದರೆ ಗಂಡನ ಮರಣಾನಂತರ, ಅಷ್ಟು ವರ್ಷ ದೀಪ ಹಚ್ಚಿದ ಮನೆಯಲ್ಲಿ ಅವಳಿಗಾಗಲಿ ಮಕ್ಕಳಿಗಾಗಲಿ ನೆಲೆಯಿರಲಿಲ್ಲ. ಸಾಕಿದ ತಂದೆ ತನ್ನ ಮಕ್ಕಳಿಗೆ ಮನೆತನದ ಭೂಮಿಯಲ್ಲಿ ಒಂದು ಗದ್ದೆಯನ್ನೂ ಬಿಟ್ಟುಹೋಗುವಂತಿರಲಿಲ್ಲ. ಯಜಮಾನಿಕೆಯ ಹೆಸರಿನಲ್ಲಿ ಸೋದರಮಾವಂದಿರು ನಡೆಸಿದ ದರ್ಬಾರೂ, ಅದರಿಂದ ಬೆಳೆದ ವ್ಯಾಜ್ಯಗಳೂ ಕಡಿಮೆಯೇನಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು, ಜೈನರನ್ನೂ ಒಳಗೊಂಡು, ಕುಟುಂಬದಲ್ಲಿ ಒಬ್ಬೊಬ್ಬನಿಗಿದ್ದ ಅಂಶವು ಅಳಿಯಕಟ್ಟಿನ ಬದಲು ಕಾಯಿದೆಯ ಪ್ರಕಾರ ಇಳಿಯುವಂತೆ ಮಾಡಿತು. ಒಂದೆರಡು ತಲೆಮಾರಿನೊಳಗೆ ಬೀಡುಗಳೂ ಗುತ್ತುಗಳೂ ಹೋಳಾದವು. ತಂದೆ, ತಾಯಿ, ಮಕ್ಕಳು ಎಂಬ ಚಿಕ್ಕ ಮನೆ ಬಂದಿತು. ಧರ್ಮ ನಾಶವಾಗಲಿಲ್ಲ. ಬಸದಿಗಳಲ್ಲಿ ಪೂಜೆ ನಿಲ್ಲಲಿಲ್ಲ. ಒಂದು ಮಾತ್ರ ಕಳೆದುಹೋಯಿತು: ಅಕ್ಕತಂಗಿಯರ ಮಕ್ಕಳು ತನ್ನ ಹೊಣೆ ಎಂಬ ಸೋದರಮಾವನ ಕರ್ತವ್ಯ. ಅವನ ಹಕ್ಕು ಹೋದದ್ದು ನ್ಯಾಯವೇ. ಕರ್ತವ್ಯವೂ ಅದರೊಡನೆ ಹೋಗಲೇಬೇಕಾಗಿತ್ತೆ ಎಂಬುದನ್ನು ಯಾರೂ ಕೇಳಲಿಲ್ಲ.

ಇಲ್ಲಿಯೇ ವಿಷಯದ ತಿರುಳಿದೆ. ಮನೆಯ ಕಟ್ಟು ಬದಲಾಗುವುದು ಹಾನಿಯಲ್ಲ. ಕಟ್ಟಿನೊಳಗೆ ಜೀವಕ್ಕೆ ಜೀವ ಮಾಡುವ ಉಪಕಾರವು ಕಟ್ಟಿನೊಡನೆಯೇ ಬಿದ್ದುಹೋಗುವುದು ಹಾನಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಧರ್ಮ, ಅಧರ್ಮ, ಆಕಾಶಾದಿ ದ್ರವ್ಯಗಳ ಉಪಕಾರಗಳನ್ನು ಹೇಳುತ್ತಾ, ಜೀವಗಳ ಉಪಕಾರವೆಂದರೆ ಒಂದಕ್ಕೊಂದು ನೆರವಾಗುವುದು ಎಂದು ಸೂತ್ರಿಸಿದರು. ಇದಕ್ಕೆ ಪ್ರತಿಯಾಗಿ ನಿಲ್ಲುವುದು ಮಮತ್ವ, ಎಂದರೆ ‘ನನ್ನದು’ ಎಂಬ ಭಾವ. ನನ್ನ ಮಗ, ನನ್ನ ಸೊಸೆ, ನನ್ನ ಮನೆತನ ಎನ್ನುವಾಗ ಜೀವವೊಂದು ಪರಿಗ್ರಹದ ಪಟ್ಟಿಗೆ ಸೇರುತ್ತದೆ. ಶಾಸ್ತ್ರಕಾರರು ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಹೊನ್ನು, ಧಾನ್ಯಗಳ ಜೊತೆಗೇ ದಾಸ ದಾಸಿಯರನ್ನೂ ಎಣಿಸಿದರು. ಮನುಷ್ಯನೂ ಸ್ವತ್ತಾಗಬಲ್ಲನೆಂಬುದು ಅವರಿಗೆ ತಿಳಿದಿತ್ತು.

ಅವಿಭಕ್ತ ಕುಟುಂಬವೇ ಧರ್ಮ ಎನ್ನುವವರು ಆದಿಪುರಾಣದ ಮೂವತ್ತೆಂಟನೆಯ ಪರ್ವವನ್ನು ಒಮ್ಮೆ ತೆರೆದು ನೋಡುವುದು ಒಳಿತು. ಗರ್ಭಾನ್ವಯದ ಐವತ್ಮೂರು ಕ್ರಿಯೆಗಳನ್ನು ಅಲ್ಲಿ ವಿವರಿಸಲಾಗಿದೆ. ವಿವಾಹದ ಮುಂದಿನದು ವರ್ಣಲಾಭ. ತಂದೆಯು ನಾಲ್ವರ ಸಮ್ಮುಖದಲ್ಲಿ ವಿವಾಹಿತನಾದ ಮಗನಿಗೆ ಧನವನ್ನಿತ್ತು, ಬೇರೆ ಮನೆಯಲ್ಲಿದ್ದು ಸ್ವತಂತ್ರವಾಗಿ ಗೃಹಸ್ಥಧರ್ಮವನ್ನು ನಡೆಸೆಂದು ಕಳುಹಿಸುವ ಸಂಸ್ಕಾರವದು. ಬೇರೆ ಮನೆ ಮಾಡುವುದು ಅಲ್ಲಿ ಜಗಳದ ಫಲವಲ್ಲ, ಆಶೀರ್ವಾದದ ಫಲ. ಮುಂದೆ ಪ್ರಶಾಂತಿಕ್ರಿಯೆ ಬರುತ್ತದೆ. ಸಮರ್ಥನಾದ ಮಗನಿಗೆ ಮನೆಯ ಭಾರವನ್ನೊಪ್ಪಿಸಿ ಹಿರಿಯನು ಸ್ವಾಧ್ಯಾಯ, ಉಪವಾಸಗಳಲ್ಲಿ ಶಾಂತನಾಗುವುದು. ಅದರ ಮುಂದಿನದೇ ಗೃಹತ್ಯಾಗ. ಮನೆ ಬಿಡುವವನು ತನ್ನ ಸಂಪತ್ತನ್ನು ಮೂರು ಭಾಗ ಮಾಡಬೇಕು: ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಇನ್ನೊಂದು ಮಕ್ಕಳಿಗೆ ಹಂಚಲು. ಈ ಹಂಚಿಕೆಯಲ್ಲಿ ಪುತ್ರಿಯರೂ ಪುತ್ರರಿಗೆ ಸಮನಾದ ಅಂಶಕ್ಕೆ ಅರ್ಹರು ಎಂದು ಜಿನಸೇನರು ಸಂದಿಗ್ಧಕ್ಕೆಡೆಯಿಲ್ಲದಂತೆ ವಿಧಿಸಿದ್ದಾರೆ.

ಸಾವಿರದ ನೂರು ವರ್ಷಗಳಿಗೂ ಹಿಂದಿನ ಈ ವಿಧಿಯನ್ನು ಸ್ವಾಧ್ಯಾಯದಲ್ಲಿ ಓದಿದವರು ಎಷ್ಟು ಮಂದಿ, ಪಾಲುಪಟ್ಟಿಯಲ್ಲಿ ಬರೆದವರು ಎಷ್ಟು ಮಂದಿ? ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಬಂದದ್ದು ಆದಿಪುರಾಣದಿಂದಲ್ಲ, 1994ರ ಕರ್ನಾಟಕ ತಿದ್ದುಪಡಿ ಕಾಯಿದೆಯಿಂದ. ಅದೂ ಆ ಕಾಯಿದೆ ಬರುವ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಜೀವಂತನಾಗಿರಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತಳ್ಳಿಹಾಕಿತು. ಕಾನೂನು ಬಂದಿತು, ಅದರ ಬೆನ್ನಿಗೇ ಹಕ್ಕುಬಿಡುಗಡೆ ಪತ್ರವೂ ಬಂದಿತು. ತಂದೆ ತೀರಿಕೊಂಡ ಕೆಲವು ತಿಂಗಳಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ಯುವುದು ಈಗ ಕರ್ನಾಟಕದ ಎಲ್ಲ ಸಮುದಾಯಗಳಲ್ಲಿಯೂ ಸಾಮಾನ್ಯ ನೋಟ. ಜೈನರು ಇದಕ್ಕೆ ಹೊರತಲ್ಲ. ಒಂದು ಸೀರೆ, ಒಂದು ಊಟ, ಒಂದು ಸಹಿ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ; ಹೇಳಬೇಕಾಗಿಯೂ ಇಲ್ಲ.

ಅವಳು ಸಂತೋಷದಿಂದಲೇ ಕೊಟ್ಟಳಲ್ಲ ಎಂಬುದು ಸಾಮಾನ್ಯ ಸಮಾಧಾನ. ಇರಬಹುದು, ಸಂತೋಷದಿಂದ ಕೊಡುವ ಸಹೋದರಿಯರೂ ಇದ್ದಾರೆ, ಅವರ ತ್ಯಾಗ ದೊಡ್ಡದು. ಆದರೆ ಶಾಸ್ತ್ರವು ಚೌರ್ಯವನ್ನು ಹೇಗೆ ಲಕ್ಷಣಿಸಿದೆ ಎಂಬುದನ್ನು ನೆನೆಯಬೇಕು. ಅದತ್ತಾದಾನ, ಅಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಕನ್ನ ಹಾಕುವುದಷ್ಟೇ ಕಳವಲ್ಲ. ಹಾಗಾದರೆ ಲಜ್ಜೆಯಿಂದ, ಭಯದಿಂದ, ತವರು ಕಳೆದುಕೊಳ್ಳುವ ಅಂಜಿಕೆಯಿಂದ ಬಂದ ಸಹಿಯು ‘ದತ್ತ’ವೆ, ‘ಅದತ್ತ’ವೆ? ದಾನಕ್ಕೆ ದಾತೃವಿನ ಭಾವ ಮುಖ್ಯವೆಂದು ಎಲ್ಲ ಶ್ರಾವಕಾಚಾರಗಳೂ ಸಾರುತ್ತವೆ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದವಳು ಕೊಟ್ಟದ್ದನ್ನು ದಾನವೆಂದು ಕರೆಯಲು ಅಣುವ್ರತಿಯಾದವನ ನಾಲಗೆ ತಡವರಿಸಬೇಕು. ದಿನವೂ ಬಾಹುಬಲಿಯ ಚಿತ್ರದ ಮುಂದೆ ಕೈಮುಗಿಯುವ ಮನೆಗಳಲ್ಲಿಯೇ ಇದು ನಡೆಯುತ್ತದೆ. ಗೆದ್ದ ಮೇಲೆ ಬಿಟ್ಟುಕೊಟ್ಟವನು ಬಾಹುಬಲಿ. ಇಲ್ಲಿ ಬಿಟ್ಟುಕೊಡುವ ಪಾಠ ಸಹೋದರಿಗೆ ಮಾತ್ರ.

ಮಗನೇ ಬೇಕೆಂಬ ಹಂಬಲಕ್ಕೂ ಈ ಧರ್ಮದಲ್ಲಿ ನೆಲೆಯಿಲ್ಲ. ಪಿಂಡಪ್ರದಾನದಿಂದ ಪಿತೃಗಳಿಗೆ ಸದ್ಗತಿಯಾಗುತ್ತದೆ ಎಂಬುದನ್ನು ಜೈನಸಿದ್ಧಾಂತ ಒಪ್ಪದು. ತಾನು ಮಾಡಿದ ಕರ್ಮವನ್ನು ತಾನೇ ಉಣ್ಣಬೇಕು. ದತ್ತಕ ಸ್ವೀಕಾರವೂ ಜೈನರಲ್ಲಿ ಲೌಕಿಕ ವ್ಯವಸ್ಥೆ ಮಾತ್ರ, ಮತೀಯ ವಿಧಿಯಲ್ಲ. ಹೀಗಿದ್ದೂ 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ದೇಶದ ಸರಾಸರಿ 927 ಹೆಣ್ಣುಮಕ್ಕಳಿದ್ದರೆ, ದೇಶದ ಜೈನರಲ್ಲಿ ಆ ಸಂಖ್ಯೆ 870 ಇತ್ತು. 2011ರಲ್ಲಿ ಅದು 889ಕ್ಕೆ ಏರಿತೆಂಬುದು ಅಲ್ಪ ಸಮಾಧಾನ. ಇರುವೆಗೆ ನೋವಾಗದಂತೆ ನಡೆಯುವ, ನೀರನ್ನು ಸೋಸಿ ಕುಡಿಯುವ, ಸಾಕ್ಷರತೆಯಲ್ಲಿ ದೇಶದಲ್ಲಿಯೇ ಮುಂದಿರುವ ಸಮುದಾಯದ ಅಂಕಿ ಇದು. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಹಿರಿಯರ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಮಕ್ಕಳು ಬೆಂಗಳೂರು, ಮುಂಬಯಿ ಅಥವಾ ಅಮೆರಿಕದಲ್ಲಿ. ಊರಿನ ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳು, ಕೆಲಕಾಲದ ಮೇಲೆ ಅವರಲ್ಲಿ ಒಬ್ಬರೇ. ಹಣದ ಕೊರತೆ ಇರುವುದಿಲ್ಲ. ಇರುವ ಮಕ್ಕಳೂ ಒಬ್ಬರೋ ಇಬ್ಬರೋ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನ ಮಹಿಳೆಯರ ಒಟ್ಟು ಫಲವಂತಿಕೆ ದರ 1.2 ಮಾತ್ರ. ಇಂಥ ಮನೆಗಳಿಂದ ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ ಎಂಬ ಸಂಬಂಧಗಳೇ ಒಂದೊಂದಾಗಿ ಮರೆಯಾಗುತ್ತವೆ. ಹಾಗಿರುವಾಗ ಒಂಟಿ ಮಗನ ಅಥವಾ ಒಂಟಿ ಮಗಳ ಹೆಗಲ ಮೇಲೆ ಇಬ್ಬರ ವಾರ್ಧಕ್ಯದ ಭಾರವೆಲ್ಲ ಬೀಳುತ್ತದೆ. ಹೊರಲಾರದೆ ತತ್ತ್ವದ ಆಶ್ರಯ ಪಡೆಯುವವರೂ ಉಂಟು. ಜೀವನು ಒಬ್ಬನೇ ಬರುವನು, ಒಬ್ಬನೇ ಹೋಗುವನು, ಯಾರಿಗೆ ಯಾರು ಎಂದು ದ್ವಾದಶಾನುಪ್ರೇಕ್ಷೆಗಳಲ್ಲಿನ ಏಕತ್ವಭಾವನೆಯನ್ನು ಅವರು ಉದಾಹರಿಸುತ್ತಾರೆ. ಇದು ಶಾಸ್ತ್ರದ ದುರುಪಯೋಗ. ಏಕತ್ವವು ತನ್ನ ಮೋಹವನ್ನು ತಾನು ಕಡಿಯಲು ಇರುವ ಭಾವನೆ. ಇನ್ನೊಬ್ಬರ ಏಕಾಂತಕ್ಕೆ ಸಮರ್ಥನೆಯಲ್ಲ. ಹಾಸಿಗೆ ಹಿಡಿದ ತಾಯಿಗೆ ಏಕತ್ವವನ್ನು ಬೋಧಿಸುವ ಅಧಿಕಾರ ಅವಳ ಹಾಸಿಗೆಯನ್ನು ಶುಚಿಗೊಳಿಸಿದವನಿಗೆ ಮಾತ್ರ. ವೈಯಾವೃತ್ತ್ಯವನ್ನು, ಅಂದರೆ ಸೇವೆಯನ್ನು, ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿದ್ದು ಸುಮ್ಮನೆಯೆ?

ವರ್ಧಮಾನ ಮಹಾವೀರರ ಜೀವನದ ಬಗ್ಗೆ ಎರಡು ಸಂಪ್ರದಾಯಗಳು ಹೇಳುವುದು ಇಲ್ಲಿ ವಿಚಾರಾರ್ಹ. ತಂದೆತಾಯಿಗಳು ಬದುಕಿರುವವರೆಗೆ ಮನೆ ಬಿಡೆನೆಂದು ಅವರು ಗರ್ಭದಲ್ಲಿಯೇ ಸಂಕಲ್ಪಿಸಿದರು, ಹೆತ್ತವರ ಮರಣಾನಂತರ ಅಣ್ಣ ನಂದಿವರ್ಧನನ ಒಪ್ಪಿಗೆ ಪಡೆದು ಹೊರಟರು ಎನ್ನುತ್ತದೆ ಶ್ವೇತಾಂಬರ ಪರಂಪರೆ. ಅವರು ಅವಿವಾಹಿತರಾಗಿಯೇ, ತಂದೆತಾಯಿಗಳು ಇರುವಾಗಲೇ ದೀಕ್ಷೆ ಪಡೆದರು ಎನ್ನುತ್ತದೆ ದಿಗಂಬರ ಪರಂಪರೆ. ಎರಡೂ ಆಗ ಅವರ ವಯಸ್ಸು ಮೂವತ್ತೆಂದೇ ಹೇಳುತ್ತವೆ. ಒಂದು ಹೆತ್ತವರ ಋಣವನ್ನು, ಇನ್ನೊಂದು ಆತ್ಮದ ಕರೆಯನ್ನು ಎತ್ತಿಹಿಡಿಯುತ್ತದೆ. ಯಾವುದು ಸತ್ಯವೆಂಬ ವಾದ ಅನೇಕ ಶತಮಾನಗಳಿಂದ ನಡೆದಿದೆ. ಆದರೆ ಎರಡರಲ್ಲಿಯೂ ಒಂದು ಅಂಶ ಸಮಾನ: ಹೊರಟವರು ಸರ್ವವನ್ನೂ ಬಿಟ್ಟು ಹೊರಟರು. ಹೆತ್ತವರನ್ನು ಮಾತ್ರ ಬಿಟ್ಟು ಉಳಿದುದೆಲ್ಲವನ್ನೂ ಇಟ್ಟುಕೊಳ್ಳುವ ತ್ಯಾಗವೊಂದನ್ನು ಯಾವ ಸಂಪ್ರದಾಯವೂ ಅರಿಯದು.

ದೋಷ ಕಿರಿಯರದೇ ಎನ್ನುವಂತಿಲ್ಲ. ಪ್ರಶಾಂತಿಕ್ರಿಯೆಯ ವಯಸ್ಸು ದಾಟಿದ ಮೇಲೂ ಬೀಗದ ಕೈ ಬಿಡದ ತಂದೆ, ಮೊಮ್ಮಗಳು ಯಾರನ್ನು ಮದುವೆಯಾಗಬೇಕೆಂಬುದನ್ನು ತಾನೇ ತೀರ್ಮಾನಿಸಬೇಕೆನ್ನುವ ಅಜ್ಜ, ಸೊಸೆಯ ಸಂಬಳಕ್ಕೆ ಲೆಕ್ಕ ಕೇಳುವ ಅತ್ತೆ, ಇವರೂ ಮಮತ್ವದ ಮೂರ್ತಿಗಳೇ. 2007ರ ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯಡಿ ನ್ಯಾಯಮಂಡಳಿಯು ಮಗನಿಂದ ಮಾಸಾಶನ ಕೊಡಿಸಬಲ್ಲುದು, ಆದರವನ್ನು ಕೊಡಿಸಲಾರದು. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಿಟ್ಟಿನ ಕೋಳಿಯ ಬಲಿಯ ಪಾಪದಿಂದ ನವಿಲು ನಾಯಿಗಳಾಗಿ ಹುಟ್ಟುತ್ತಾರೆ. ಜನ್ಮಜನ್ಮಾಂತರಗಳನ್ನು ಅಲೆದು ಕಡೆಗೆ ಯಶೋಧರನ ಮಗನಿಗೇ ಅವಳಿಜವಳಿ ಮಕ್ಕಳಾಗಿ ಬರುತ್ತಾರೆ. ಅಜ್ಜಿ ಮೊಮ್ಮಗನ ಮಗಳಾಗುತ್ತಾಳೆ, ತಂದೆ ಮಗನ ಮಗನಾಗುತ್ತಾನೆ. ಇಂದು ಆಜ್ಞೆ ಮಾಡುವ ಸ್ಥಾನ ಎಂದೆಂದಿಗೂ ತನ್ನದೆಂದು ನಂಬಿದವನು ಈ ಕಥೆಯನ್ನು ಎರಡು ಸಲ ಓದಬೇಕು.

ಇನ್ನು ಚಿಕ್ಕ ಮನೆಯಲ್ಲಿ ಆಚಾರ ಉಳಿಯುವುದೆ ಎಂಬ ಆತಂಕ. ಅದು ಸುಳ್ಳಲ್ಲ. ಮುನಿಗೆ ಆಹಾರ ದೊರೆಯುವುದು ಗೃಹಸ್ಥನ ಅಡುಗೆಮನೆಯಿಂದ, ಸಾಗಾರನಿಲ್ಲದೆ ಅನಗಾರನಿಲ್ಲ. ಗಂಡಹೆಂಡಿರಿಬ್ಬರೂ ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ಹೋಗುವ ಮಹಡಿಮನೆಯಲ್ಲಿ ಹತ್ತು ಗಂಟೆಗೆ ಆಹಾರದಾನಕ್ಕೆ ನಿಲ್ಲುವವರು ಯಾರು? ರಾತ್ರಿಭೋಜನ ತ್ಯಾಗದ ಸಮಸ್ಯೆಯಂತೂ ದಿನನಿತ್ಯದ್ದು. ಬೆಂಗಳೂರಿನಲ್ಲಿ ಆರೂವರೆಯ ಸುಮಾರಿಗೆ ಸೂರ್ಯಾಸ್ತ. ದುಡಿಯುವವರು ಮನೆ ಸೇರುವುದು ಎಂಟು ಒಂಬತ್ತಕ್ಕೆ. ವ್ರತ ಹಿಡಿದ ಅತ್ತೆ ಹಗಲಿರುವಾಗಲೇ ಒಬ್ಬಳೇ ಉಂಡು ಏಳುತ್ತಾಳೆ. ಉಳಿದವರು ರಾತ್ರಿ ಅವಳಿಲ್ಲದೆ ಉಣ್ಣುತ್ತಾರೆ. ಒಂದೇ ಮನೆಯಲ್ಲಿ ಎರಡು ಪಂಕ್ತಿ. ಇದಕ್ಕೆ ಪರಿಹಾರ ಕಂಡುಕೊಂಡ ಮನೆಗಳಿವೆ: ಕಚೇರಿಗೆ ಸಂಜೆಯ ಬುತ್ತಿ ಒಯ್ಯುವವರು, ಭಾನುವಾರವಾದರೂ ಎಲ್ಲರೂ ಹಗಲಿನಲ್ಲಿಯೇ ಒಟ್ಟಿಗೆ ಕೂರುವ ನೇಮ ಮಾಡಿಕೊಂಡವರು, ರಾತ್ರಿ ತಾವು ಉಣ್ಣುವಾಗ ಅತ್ತೆಯನ್ನು ಬಳಿಯಲ್ಲಿ ಕೂರಿಸಿಕೊಂಡು ಮಾತನಾಡುವವರು. ಕೊನೆಯದು ವ್ರತಪಾಲನೆಯಲ್ಲದಿರಬಹುದು. ಆ ಮುದುಕಿಗೆ ಅದರ ಬೆಲೆ ಗೊತ್ತು.

ಭಾದ್ರಪದದ ದಶಲಕ್ಷಣ ಪರ್ವ ಮುಗಿದೊಡನೆ ಕ್ಷಮಾವಣಿ ಬರುತ್ತದೆ. ಹಿಂದೆ ಅಚ್ಚು ಹಾಕಿಸಿದ ಅಂಚೆಕಾರ್ಡುಗಳು ಊರೂರಿಗೆ ಹೋಗುತ್ತಿದ್ದವು. ಈಗ ಮೊಬೈಲಿನಲ್ಲಿ ಒಂದೇ ಸಂದೇಶ ನೂರಾರು ಮಂದಿಗೆ ಹೋಗುತ್ತದೆ. ದೂರದ ನೆಂಟರು, ವ್ಯಾಪಾರದ ಗೆಳೆಯರು, ಸಂಘದ ಸದಸ್ಯರು, ಎಲ್ಲರಿಗೂ ಕ್ಷಮೆ ತಲುಪುತ್ತದೆ. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ತಂಗಿಗೂ ಅದೇ ಸಂದೇಶ ಹೋಗುತ್ತದೆ. ಅವಳೂ ಕೈಮುಗಿದ ಚಿತ್ರವೊಂದನ್ನು ಮರಳಿ ಕಳುಹಿಸುತ್ತಾಳೆ.